ಕುದುರೆ ಯಾಕೆ ಬೆದರುತ್ತದೆ? ಆ ಭಯ ಬಿಡಿಸುವುದು ಹೇಗೆ?

ಕಳೆದ ಬೇಸಿಗೆಯಲ್ಲಿ ಉಡುಪಿ ಹತ್ತಿರ ಒಂದು ಮದುವೆಗೆ ಹೋಗಿದ್ದೆ. ಮದುಮಗ ಬಿಳಿ ಕುದುರೆ ಏರಿ ದಿಬ್ಬಣದಲ್ಲಿ ಬರುತ್ತಿದ್ದ. ಮುಂದೆ ನಾಸಿಕ್ ಬ್ಯಾಂಡ್, ಹಿಂದೆ ನೆಂಟರ ಕಾರುಗಳ ಸಾಲು. ಮಂಟಪದ ಗೇಟಿಗೆ ಇನ್ನು ಇಪ್ಪತ್ತು ಹೆಜ್ಜೆ ಇರುವಾಗ ಕುದುರೆ ನಿಂತುಬಿಟ್ಟಿತು. ಗೇಟಿನ ಅಡಿಯಲ್ಲಿ ಮಳೆನೀರು ಹೋಗುವ ಚರಂಡಿ, ಅದರ ಮೇಲೆ ಕಬ್ಬಿಣದ ಜಾಲರಿ. ಪಕ್ಕದಲ್ಲಿ ಸ್ವಾಗತದ ಫ್ಲೆಕ್ಸ್. ಅದರ ಒಂದು ಮೂಲೆಯ ಕಟ್ಟು ಬಿಚ್ಚಿ ಗಾಳಿಗೆ ಪಟಪಟ ಬಡಿಯುತ್ತಿತ್ತು.

ಒಬ್ಬರು ಲಗಾಮು ಹಿಡಿದು ಎಳೆದರು. ಇನ್ನೊಬ್ಬರು ಹಿಂದಿನಿಂದ ಚಪ್ಪಾಳೆ ತಟ್ಟಿ "ಹೋಯ್, ಹೋಯ್" ಎಂದರು. ಯಾರೋ ಹುಡುಗ ಅದರ ಬೆನ್ನ ಹಿಂದೆ ಒಂದು ಪೆಟ್ಟೂ ಕೊಟ್ಟ. ಕುದುರೆ ಮುಂಗಾಲು ಎತ್ತಿತು. ಮದುಮಗನ ಪೇಟ ಕೆಳಗೆ ಬಿತ್ತು, ಅವನು ಜೂಲಿಗೆ ಜೋತುಬಿದ್ದ.

ನೀರು ಕುಡಿಯಲು ಆಚೆ ಹೋಗಿದ್ದ ಕುದುರೆಯವರು ಅಷ್ಟರಲ್ಲಿ ಓಡಿ ಬಂದರು. ವಿಜಯಪುರದ ಕಡೆಯವರು. "ಅಣ್ಣಾರ, ಜಗ್ಗಬ್ಯಾಡ್ರಿ. ಅದಕ್ಕ ನೋಡಾಕ ಬಿಡ್ರಿ" ಎಂದರು. ಮೊದಲು ಮದುಮಗನನ್ನು ಇಳಿಸಿದರು. ಬ್ಯಾಂಡಿನವರಿಗೆ ನಿಲ್ಲಿಸಿ ಎಂದು ಕೈ ಮಾಡಿದರು. ಕುದುರೆಯನ್ನು ಗೇಟಿನಿಂದ ಹಿಂದಕ್ಕೆ ತಿರುಗಿಸಿ ಹತ್ತು ಹೆಜ್ಜೆ ನಡೆಸಿದರು. ಮತ್ತೆ ಕರೆದುಕೊಂಡು ಬಂದು, ಅದು ನಿಲ್ಲುವ ಮೊದಲೇ ತಾವೇ ನಿಲ್ಲಿಸಿ ಹಗ್ಗ ಸಡಿಲ ಬಿಟ್ಟರು. ಕತ್ತು ಸವರಿ ಪುನಃ ಹಿಂದಕ್ಕೆ ಕರೆದುಕೊಂಡು ಹೋದರು. ಮೂರನೇ ಸಲ ಕುದುರೆ ಕುತ್ತಿಗೆ ತಗ್ಗಿಸಿ ಜಾಲರಿಯನ್ನು ಮೂಸಿತು, ಫುರ್ರ್ ಎಂದು ಉಸಿರು ಬಿಟ್ಟಿತು. ನಾಲ್ಕನೇ ಸಲ ಒಂದು ಸಣ್ಣ ನೆಗೆತದಲ್ಲಿ ದಾಟಿಯೇ ಬಿಟ್ಟಿತು. ನಾನು ಗಡಿಯಾರ ನೋಡಿದ್ದೆ. ಒಟ್ಟು ಎಂಟು ನಿಮಿಷ.

ಊಟದ ಪಂಕ್ತಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. "ಎಂಥ ಹಠಮಾರಿ ಕುದುರೆ ಮಾರಾಯ್ರೆ!" ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಆ ಎಂಟು ನಿಮಿಷದಲ್ಲಿ ಕುದುರೆಯವರು ಮಾಡಿದ್ದರಲ್ಲಿ ಕುದುರೆ ಪಳಗಿಸುವ ವಿದ್ಯೆಯ ಮುಖ್ಯ ಪಾಠಗಳೆಲ್ಲ ಇದ್ದವು. ಈಗ ನಮ್ಮಲ್ಲಿ ದಿಬ್ಬಣಕ್ಕೆ ಕುದುರೆ ಬರುತ್ತದೆ. ಪಣಂಬೂರು, ಮಲ್ಪೆಯ ಮರಳಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು ನಡೆಯುತ್ತದೆ. ಮೆರವಣಿಗೆಯಲ್ಲಿ ನಮ್ಮ ಪಕ್ಕದಲ್ಲೇ ಹೋಗುತ್ತದೆ. ಹಾಗಾಗಿ ಆ ಎಂಟು ನಿಮಿಷವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

## ದನದ ಲೆಕ್ಕ ಬೇರೆ, ಕುದುರೆಯ ಲೆಕ್ಕ ಬೇರೆ

ಕರಾವಳಿಯವರಿಗೆ ದನ ಗೊತ್ತು, ಕೋಣ ಗೊತ್ತು. ಕಂಬಳದ ಕೋಣಕ್ಕೆ ಎಣ್ಣೆ ಹಚ್ಚಿ ತಿಕ್ಕುವುದು, ಹುರುಳಿ ಬೇಯಿಸಿ ಕೊಡುವುದು ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕುದುರೆ ಮಾತ್ರ ನಮ್ಮ ಹಟ್ಟಿಯ ಪ್ರಾಣಿ ಆಗಿರಲಿಲ್ಲ. ವಿಜಯನಗರದ ಕಾಲದಲ್ಲಿ ಅರಬ್ ಕುದುರೆಗಳು ಹಡಗಿನಲ್ಲಿ ಭಟ್ಕಳದಂಥ ಬಂದರುಗಳಿಗೆ ಬಂದು ಇಳಿಯುತ್ತಿದ್ದವು, ನಿಜ. ಆದರೆ ಅವು ಘಟ್ಟ ಹತ್ತಿ ಹೋಗುತ್ತಿದ್ದ ಕುದುರೆಗಳು. ಹಾಗಾಗಿ ಕುದುರೆ ಎದುರಿಗೆ ಬಂದಾಗ ನಾವು ದನಕ್ಕೆ ಮಾಡಿದ್ದನ್ನೇ ಅದಕ್ಕೂ ಮಾಡುತ್ತೇವೆ. ಗದರಿಸುತ್ತೇವೆ, ಹಿಂದಿನಿಂದ ತಟ್ಟುತ್ತೇವೆ, ಹಗ್ಗ ಹಿಡಿದು ಎಳೆಯುತ್ತೇವೆ.

ದನಕ್ಕೆ ಕೊಂಬಿದೆ. ಅಪಾಯ ಬಂದರೆ ತಿರುಗಿ ನಿಂತು ಹಾಯಲು ಅದಕ್ಕೆ ಆಗುತ್ತದೆ. ಕುದುರೆಗೆ ಕೊಂಬಿಲ್ಲ, ಕೋರೆಹಲ್ಲಿನ ಬಲವೂ ಇಲ್ಲ. ಬಯಲು ಹುಲ್ಲುಗಾವಲಿನಲ್ಲಿ ಹುಲಿ, ತೋಳಗಳ ಕಣ್ಣೆದುರು ಅದು ಬದುಕಿದ್ದು ಕಾಲಿನ ಬಲದಿಂದ. ಕುದುರೆಮರಿ ಹುಟ್ಟಿದ ಒಂದೆರಡು ಗಂಟೆಯೊಳಗೆ ಎದ್ದು ನಿಲ್ಲುತ್ತದೆ, ಅದೇ ದಿನ ತಾಯಿಯ ಪಕ್ಕ ಓಡುತ್ತದೆ. ದೊಡ್ಡ ಕುದುರೆ ನಿಂತುಕೊಂಡೇ ತೂಕಡಿಸಬಲ್ಲದು. ಎದ್ದು ಓಡುವ ಆ ಒಂದೆರಡು ಕ್ಷಣವನ್ನೂ ಉಳಿಸಿಕೊಳ್ಳುವ ಏರ್ಪಾಡು ಅದರ ಕಾಲಿನ ಕೀಲುಗಳಲ್ಲೇ ಇದೆ.

ಮೊದಲು ಓಡು, ಆಮೇಲೆ ನೋಡು. ಇದು ಕುದುರೆಯ ಮೂಲ ಪಾಠ. ಪೊದೆ ಅಲುಗಾಡಿದಾಗ ಸುಮ್ನೆ ಓಡಿದ ಕುದುರೆಗೆ ನಷ್ಟ ಸ್ವಲ್ಪ ಉಸಿರು. ಓಡದೆ ನಿಂತ ಕುದುರೆಗೆ ಜೀವವೇ ಹೋಗಬಹುದಿತ್ತು. ಮನುಷ್ಯ ಅದನ್ನು ಪಳಗಿಸಿ ನಾಲ್ಕು ಸಾವಿರ ವರ್ಷಕ್ಕೂ ಜಾಸ್ತಿ ಆಯಿತು. ಆದರೂ ಆ ಪಾಠ ಅಳಿಸಿಲ್ಲ. ಗಾಳಿಗೆ ಬಡಿಯುವ ಫ್ಲೆಕ್ಸ್ ಅದರ ಲೆಕ್ಕದಲ್ಲಿ ಅಲುಗಾಡುವ ಪೊದೆಯೇ. ಓಡಲೂ ಬಿಡದೆ, ನೋಡಲೂ ಬಿಡದೆ ಹಿಡಿದರೆ ಅದಕ್ಕೆ ಉಳಿಯುವುದು ಒದೆಯುವುದು, ಕಚ್ಚುವುದು, ಮುಂಗಾಲು ಎತ್ತುವುದು. ನಾವು ಹಠ, ಸೊಕ್ಕು ಎನ್ನುವುದರಲ್ಲಿ ಬಹುಪಾಲು ಹೀಗೆ ದಾರಿ ಮುಚ್ಚಿಹೋದ ಭಯ.

## ಕುದುರೆಗೆ ಲೋಕ ಹೇಗೆ ಕಾಣುತ್ತದೆ?

ಕುದುರೆಯ ಕಣ್ಣುಗಳು ಮುಖದ ಎರಡು ಬದಿಗಿವೆ. ಕತ್ತು ತಿರುಗಿಸದೆಯೇ ಸುತ್ತಲಿನ 360 ಡಿಗ್ರಿಯಲ್ಲಿ ಸುಮಾರು 350 ಡಿಗ್ರಿ ಅದಕ್ಕೆ ಕಾಣುತ್ತದೆ. ಕಾಣದ ಜಾಗ ಎರಡೇ. ಒಂದು, ಹಣೆಯ ನೇರ ಮುಂದೆ, ಮೂಗಿಗೆ ತೀರಾ ಹತ್ತಿರ. ಇನ್ನೊಂದು, ಬಾಲದ ನೇರ ಹಿಂದೆ. ನಾವು ಪ್ರೀತಿಯಿಂದ ಹಣೆ ಮುಟ್ಟಲು ಕೈ ಚಾಚುವುದು ಮೊದಲನೇ ಜಾಗಕ್ಕೆ. ಮಕ್ಕಳು ಆಟ ಆಡುತ್ತಾ ಓಡಿಹೋಗುವುದು ಎರಡನೇ ಜಾಗಕ್ಕೆ. ಕಾಣದ ಕಡೆಯಿಂದ ಏನೋ ಮೈಗೆ ತಾಗಿದರೆ ಒದೆ ಬೀಳುವುದು ಸಹಜ ಅಲ್ವಾ?

ಬಣ್ಣಗಳಲ್ಲಿ ನೀಲಿ, ಹಳದಿ ಅದಕ್ಕೆ ಚೆನ್ನಾಗಿ ತಿಳಿಯುತ್ತವೆ. ಕೆಂಪು, ಹಸಿರಿನ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ. ಕತ್ತಲಲ್ಲಿ ನಮಗಿಂತ ಚೆನ್ನಾಗಿ ನೋಡುತ್ತದೆ. ಆದರೆ ಬಿಸಿಲಿನಿಂದ ನೆರಳಿಗೆ ಬಂದಾಗ ಅದರ ಕಣ್ಣು ಹೊಂದಿಕೊಳ್ಳಲು ನಮಗಿಂತ ಜಾಸ್ತಿ ಹೊತ್ತು ಬೇಕು. ಮಟಮಟ ಬಿಸಿಲಿನಲ್ಲಿ ನಿಂತ ಕುದುರೆಗೆ ಚಪ್ಪರದ ಒಳಗು ಒಂದು ಕಪ್ಪು ಗುಹೆ. ನೆಲದ ಮೇಲಿನ ಜಾಲರಿ, ನೀರಿನ ಹೊಂಡ, ಬಿಳಿ ಪಟ್ಟಿ, ಇವೆಲ್ಲ ಎಷ್ಟು ಆಳ ಎಂದು ಅದಕ್ಕೆ ತಟ್ಟನೆ ಗೊತ್ತಾಗುವುದಿಲ್ಲ. ತಲೆ ತಗ್ಗಿಸಿ, ಎತ್ತಿ, ಮೂಸಿ ನೋಡಬೇಕು. ಲಗಾಮು ಬಿಗಿ ಹಿಡಿದು ತಲೆಯನ್ನೇ ಮೇಲೆ ಕಟ್ಟಿಹಾಕಿದರೆ ಪಾಪ, ಅದು ನೋಡುವುದಾದರೂ ಹೇಗೆ? ಕುದುರೆಯವರು "ನೋಡಾಕ ಬಿಡ್ರಿ" ಎಂದದ್ದು ಇದಕ್ಕೇ.

ಹೋಗುವಾಗ ಸುಮ್ಮನೆ ದಾಟಿದ ಗೂಡಂಗಡಿಗೆ ಬರುವಾಗ ಬೆಚ್ಚಿಬೀಳುವುದೂ ಉಂಟು. ಇನ್ನೊಂದು ಬದಿಯಿಂದ ನೋಡಿದಾಗ ಆ ಅಂಗಡಿಯ ಆಕಾರವೇ ಬೇರೆ. ಕುದುರೆಗೆ ಅದು ಹೊಸ ವಸ್ತು.

ಕಿವಿಯ ವಿಷಯ ಇನ್ನೂ ಸೂಕ್ಷ್ಮ. ಎರಡು ಕಿವಿಗಳನ್ನೂ ಬೇರೆ ಬೇರೆ ದಿಕ್ಕಿಗೆ ಅರ್ಧ ಸುತ್ತು ತಿರುಗಿಸಬಲ್ಲದು. ನಮಗೆ ಸುಮಾರು 20,000 ಹರ್ಟ್ಸ್‌ವರೆಗಿನ ಕೀರಲು ಸದ್ದು ಕೇಳಿದರೆ, ಅದಕ್ಕೆ 33,000 ಹರ್ಟ್ಸ್‌ವರೆಗೂ ಕೇಳುತ್ತದೆ. ಸ್ಪೀಕರಿನ ಚೀರಾಟ, ಬಸ್ಸಿನ ಬ್ರೇಕಿನ ಕಿರ್ರ್ ಸದ್ದು ಅದರ ಕಿವಿಗೆ ಹೇಗಿರಬಹುದು ಎಂದು ಯೋಚಿಸಿ. ಹುಲಿವೇಷ ಬರುವಾಗ ಕುದುರೆ ಬೆದರುವುದು ಬಣ್ಣ ಬಳಿದ ಹುಲಿಯನ್ನು ನಿಜವಾದ ಹುಲಿ ಎಂದು ನಂಬಿ ಇರಲಾರದು. ತಾಸೆಯ ಸದ್ದು, ಒಮ್ಮೆಲೇ ಹಾರುವ ಮೈ, ಅಷ್ಟು ಸಾಕು.

ಚರ್ಮವೂ ಹಾಗೆಯೇ. ಒಂದು ನೊಣ ಕೂತರೆ ಆ ಜಾಗದ ಚರ್ಮವನ್ನಷ್ಟೇ ಅದುರಿಸಿ ಓಡಿಸುತ್ತದೆ. ನೊಣದ ಕಾಲು ತಿಳಿಯುವ ಮೈಗೆ ನಮ್ಮ ಹಿಮ್ಮಡಿಯ ಗುದ್ದು ತಿಳಿಯದೆ ಇರುತ್ತದಾ?

## ಮಾಡಿನ ನೀರಿನ ಬಕೆಟ್

ಜನ ಕೇಳುವ ಪ್ರಶ್ನೆ ಒಂದಿದೆ. "ಬೆಳಿಗ್ಗೆಯಿಂದ ಎಷ್ಟು ಸದ್ದಿನಲ್ಲಿ ಸುಮ್ಮನಿತ್ತು. ಒಂದು ಫ್ಲೆಕ್ಸ್‌ಗೆ ಯಾಕೆ ಹಾಗೆ ಮಾಡಿತು?"

ಮಳೆಗಾಲದಲ್ಲಿ ಮಾಡಿನ ನೀರು ಬೀಳುವಲ್ಲಿ ಬಕೆಟ್ ಇಡುತ್ತೇವಲ್ಲ, ಅದನ್ನು ನೆನಪಿಸಿಕೊಳ್ಳಿ. ಹನಿ ಹನಿ ತುಂಬುತ್ತಾ ಇರುತ್ತದೆ. ಕಂಠದವರೆಗೆ ಬಂದ ಮೇಲೆ ಒಂದೇ ಹನಿಗೆ ಉಕ್ಕುತ್ತದೆ. ಆ ದಿನ ಕುದುರೆಯ ಬಕೆಟಿಗೆ ಬಿದ್ದ ಹನಿಗಳನ್ನು ಎಣಿಸೋಣ. ನಸುಕಿನಲ್ಲಿ ಟೆಂಪೋ ಪ್ರಯಾಣ. ಗುರುತಿಲ್ಲದ ಜಾಗ. ಜೊತೆಗೆ ಇನ್ನೊಂದು ಕುದುರೆ ಇಲ್ಲ. ಕುದುರೆ ಹಿಂಡಿನ ಪ್ರಾಣಿ, ಒಂಟಿಯಾಗಿ ಇರುವುದೇ ಅದಕ್ಕೆ ಅಪಾಯದ ಗುರುತು. ಮೈಮೇಲೆ ಜರಿ ಬಟ್ಟೆ, ಮೇ ತಿಂಗಳ ಸೆಕೆ. ಕಿವಿಯ ಹತ್ತಿರ ಬ್ಯಾಂಡು, ನಡುವೆ ಒಂದು ಗರ್ನಾಲು ಸಿಡಿಮದ್ದು. ಬೆನ್ನ ಮೇಲೆ ಈ ಮೊದಲು ಯಾವತ್ತೂ ಕುದುರೆ ಹತ್ತದ ಮದುಮಗ. ಫ್ಲೆಕ್ಸ್ ಮತ್ತು ಜಾಲರಿ ಕೊನೆಯ ಹನಿಗಳು ಅಷ್ಟೇ.

ಬಕೆಟ್ ತುಂಬುತ್ತಿರುವುದು ಮೊದಲೇ ಕಾಣುತ್ತದೆ. ತಲೆ ಮೇಲೆ ಹೋಗುತ್ತದೆ, ಕುತ್ತಿಗೆ ಮರದ ಹಾಗೆ ಗಟ್ಟಿಯಾಗುತ್ತದೆ. ಮೂಗಿನ ಹೊಳ್ಳೆ ಅರಳುತ್ತದೆ, ಕೆಳದುಟಿ ಬಿಗಿಯುತ್ತದೆ, ಕಣ್ಣಿನ ಬಿಳಿ ಕಾಣುತ್ತದೆ. ಪದೇ ಪದೇ ಸ್ವಲ್ಪ ಸ್ವಲ್ಪ ಲದ್ದಿ ಹಾಕುತ್ತದೆ. ಬಾಲವನ್ನು ಒತ್ತಿ ಹಿಡಿಯುತ್ತದೆ ಅಥವಾ ನೊಣ ಇಲ್ಲದಿದ್ದರೂ ಚಟಾರನೆ ಬೀಸುತ್ತದೆ. ಕಿವಿ ಎರಡನ್ನೂ ಹಿಂದಕ್ಕೆ ಮಡಚಿ ತಲೆಗೆ ಅಂಟಿಸಿತೆಂದರೆ ಅದು ಕಡೆಯ ಎಚ್ಚರಿಕೆ, ದೂರ ಸರಿಯಬೇಕು. ಸಮಾಧಾನದಲ್ಲಿರುವ ಕುದುರೆ ತಲೆ ತಗ್ಗಿಸಿರುತ್ತದೆ, ಕೆಳದುಟಿ ಜೋತಿರುತ್ತದೆ, ಒಂದು ಹಿಂಗಾಲನ್ನು ಮಡಚಿ ಗೊರಸಿನ ತುದಿಯ ಮೇಲೆ ನಿಲ್ಲಿಸಿರುತ್ತದೆ.

ಇಲ್ಲಿ ಒಂದು ಮೋಸವೂ ಇದೆ. ಕೆಲವು ಕುದುರೆಗಳು ಏನು ಮಾಡಿದರೂ ಅಲುಗಾಡುವುದಿಲ್ಲ. ಕಣ್ಣು ಎಲ್ಲೋ ನೆಟ್ಟಿರುತ್ತದೆ, ಕರೆದರೆ ಕಿವಿಯೂ ತಿರುಗುವುದಿಲ್ಲ. ಜನ "ಎಷ್ಟು ಸಾಧು" ಎನ್ನುತ್ತಾರೆ. ಎಷ್ಟು ಒದ್ದಾಡಿದರೂ ಬಿಡುಗಡೆ ಇಲ್ಲ ಎಂದು ತಿಳಿದು ಕೈಚೆಲ್ಲಿದ ಪ್ರಾಣಿಯೂ ಹೀಗೇ ನಿಲ್ಲುತ್ತದೆ. ಅದರ ಬಕೆಟ್ ಖಾಲಿಯಾಗಿಲ್ಲ, ಮುಚ್ಚಳ ಹಾಕಿದೆ. ಅಂಥ ಕುದುರೆ ಒಂದು ದಿನ ಯಾವ ಸೂಚನೆಯೂ ಇಲ್ಲದೆ ಸಿಡಿಯಬಹುದು.

## ಮೊದಲು ನೋವು ಇದೆಯಾ ನೋಡಬೇಕು

ನಿನ್ನೆವರೆಗೆ ಸರಿಯಿದ್ದ ಕುದುರೆ ಇವತ್ತು ಜೀನು ಹಾಕಲು ಬಿಡುವುದಿಲ್ಲ ಎಂದರೆ ಪಾಠ ಕಲಿಸಲು ಹೊರಡಬಾರದು. ಮೊದಲು ಪಶುವೈದ್ಯರನ್ನು ಕರೆಯಬೇಕು. ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಜಾಸ್ತಿ ಕಡೆಗಣಿಸಿದ ಮಾತು ಇದೇ.

ಕುದುರೆಯ ಹಲ್ಲು ಜೀವನದುದ್ದಕ್ಕೂ ಮೇಲೆ ಬರುತ್ತಲೇ ಇರುತ್ತದೆ, ಜಗಿದು ಸವೆಯುತ್ತಲೂ ಇರುತ್ತದೆ. ಸವೆತ ಒಂದೇ ಸಮ ಆಗದಿದ್ದರೆ ದವಡೆ ಹಲ್ಲಿನ ಅಂಚು ಬ್ಲೇಡಿನ ಹಾಗೆ ಹರಿತವಾಗಿ ಕೆನ್ನೆ, ನಾಲಿಗೆಯನ್ನು ಕೊಯ್ಯುತ್ತದೆ. ವರ್ಷಕ್ಕೊಮ್ಮೆಯಾದರೂ ನೋಡಿಸಿ ಅರ ಹಾಕಿಸಬೇಕು. ಕಡಿವಾಣದ ಕಬ್ಬಿಣ ಕೂರುವುದು ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವಿನ ಖಾಲಿ ವಸಡಿನ ಮೇಲೆ. ಅಲ್ಲಿ ಎಲುಬಿನ ಮೇಲೆ ತೆಳು ಚರ್ಮ ಬಿಟ್ಟರೆ ಬೇರೇನೂ ಇಲ್ಲ. ಬಾಯಿಯಲ್ಲಿ ಗಾಯ ಇರುವ ಕುದುರೆಯ ಲಗಾಮು ಎಳೆದರೆ ಅದು ತಲೆ ಎತ್ತಿ ಕೊಸರುತ್ತದೆ. ನಾವು ಇನ್ನೂ ಜೋರಾಗಿ ಎಳೆಯುತ್ತೇವೆ.

ಹೊಟ್ಟೆಯ ಕಥೆ ಇನ್ನೊಂದು. ಬಯಲಿನಲ್ಲಿ ಬಿಟ್ಟರೆ ಕುದುರೆ ದಿನದ ಹೆಚ್ಚಿನ ಹೊತ್ತು ಮೇಯುತ್ತಲೇ ಇರುತ್ತದೆ. ಅದಕ್ಕೆ ತಕ್ಕ ಹಾಗೆ ಅದರ ಹೊಟ್ಟೆಯಲ್ಲಿ ಆಮ್ಲ ಬಿಡುವಿಲ್ಲದೆ ಒಸರುತ್ತದೆ. ಎರಡು ಹೊತ್ತು ಕಾಳು ಕೊಟ್ಟು ಉಳಿದ ಹೊತ್ತು ಖಾಲಿ ಕಟ್ಟಿಹಾಕಿದರೆ ಆ ಆಮ್ಲ ಹೊಟ್ಟೆಯನ್ನೇ ಸುಡುತ್ತದೆ, ಹುಣ್ಣಾಗುತ್ತದೆ. ಹೊಟ್ಟೆನೋವಿನ ಕುದುರೆ ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚಲು ಬರುವುದು ಆಶ್ಚರ್ಯವಲ್ಲ. ಕಾಳಿಗಿಂತ ಹುಲ್ಲು ಮುಖ್ಯ, ಅದೂ ಸ್ವಲ್ಪ ಸ್ವಲ್ಪ, ದಿನವಿಡೀ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ತಿಂದದ್ದು ಕೆಟ್ಟರೆ ಹೊಟ್ಟೆಶೂಲೆ ಜೀವಕ್ಕೇ ಬರಬಹುದು.

ನಮ್ಮ ಹವೆಯೂ ಒಂದು ಕಾರಣ. ಕುದುರೆ ನಮ್ಮ ಹಾಗೆ ಬೆವರಿ ಮೈ ತಂಪು ಮಾಡಿಕೊಳ್ಳುವ ಪ್ರಾಣಿ. ಮಂಗಳೂರಿನ ಏಪ್ರಿಲ್, ಮೇಯಲ್ಲಿ ಬೆವರು ಆರುವುದೇ ಇಲ್ಲ, ಮೈ ಕಾದೇ ಇರುತ್ತದೆ. ನೆರಳು, ನೀರು, ಉಪ್ಪು ಮೂರೂ ಬೇಕು. ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ನಿಂತೇ ಇದ್ದರೆ ಗೊರಸಿನ ಅಡಿ ಕೊಳೆತು ವಾಸನೆ ಬರುತ್ತದೆ, ಬೆನ್ನಿನ ಚರ್ಮ ಹುರುಪೆ ಏಳುತ್ತದೆ. ಆ ಬೆನ್ನಿನ ಮೇಲೆ ಜೀನು ಬಿಗಿದರೆ? ಗೊರಸನ್ನು ದಿನವೂ ಕೆರೆದು ಶುಚಿ ಮಾಡಬೇಕು, ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಿ ಸಮ ಮಾಡಿಸಬೇಕು.

ಸುಮ್ಮನೆ ನಿಂತ ಕುದುರೆಯ ಎದೆಬಡಿತ ನಿಮಿಷಕ್ಕೆ 28ರಿಂದ 44, ಮೈಬಿಸಿ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ಹೊತ್ತು ಕಳೆದರೂ ಇದು ಇಳಿಯದೆ ಜಾಸ್ತಿಯೇ ಇದ್ದರೆ ಅದು ವೈದ್ಯರ ಕೆಲಸ, ಚಾಟಿಯ ಕೆಲಸ ಅಲ್ಲ. ಲಾಯದಲ್ಲಿ ನಿಂತಲ್ಲೇ ಅತ್ತಿತ್ತ ತೂಗಾಡುವುದು, ಕಟ್ಟೆಯ ಅಂಚನ್ನು ಹಲ್ಲಿನಿಂದ ಕಚ್ಚಿ ಗಾಳಿ ನುಂಗುವುದು ಕೂಡ ದುರಭ್ಯಾಸ ಎಂದು ಬೈಯುವ ವಿಷಯವಲ್ಲ. ದಿನವಿಡೀ ಒಂಟಿಯಾಗಿ, ಮೇಯಲು ಏನೂ ಇಲ್ಲದೆ ಕಟ್ಟಿಹಾಕಿದ ಕುದುರೆಗಳಲ್ಲಿ ಇದು ಕಾಣುತ್ತದೆ.

## ಒತ್ತು, ಬಿಡು

ಈಗ ಕಲಿಸುವ ವಿಷಯ. ಕಾರಿನಲ್ಲಿ ಸೀಟ್ ಬೆಲ್ಟ್ ಹಾಕದಿದ್ದರೆ ಕುಂಯ್ ಕುಂಯ್ ಎನ್ನುತ್ತದಲ್ಲ? ಬೆಲ್ಟ್ ಹಾಕಿದ ಕ್ಷಣ ನಿಲ್ಲುತ್ತದೆ. ನಾಲ್ಕು ದಿನದಲ್ಲಿ ನಮ್ಮ ಕೈ ತಾನಾಗಿ ಬೆಲ್ಟಿನ ಕಡೆ ಹೋಗುತ್ತದೆ. ನಮಗೆ ಕಲಿಸಿದ್ದು ಆ ಸದ್ದು ಅಲ್ಲ, ಸದ್ದು ನಿಂತದ್ದು.

ಕುದುರೆಗೆ ಕಲಿಸುವುದೂ ಬಹುಮಟ್ಟಿಗೆ ಹೀಗೇ. ಹಗ್ಗವನ್ನು ಮೆಲ್ಲಗೆ ಮುಂದಕ್ಕೆ ಹಿಡಿಯಿರಿ. ಅದು ಒಂದು ಹೆಜ್ಜೆ ಇಟ್ಟ ಕ್ಷಣ ಸಡಿಲ ಬಿಡಿ. ಸವಾರ ಕಾಲಿನಿಂದ ಮೆಲ್ಲಗೆ ಒತ್ತುತ್ತಾನೆ, ಕುದುರೆ ನಡೆದ ಕೂಡಲೇ ಒತ್ತುವುದನ್ನು ನಿಲ್ಲಿಸುತ್ತಾನೆ. ಪರಿಣತರು ಇದನ್ನು ನೆಗೆಟಿವ್ ರಿಇನ್‌ಫೋರ್ಸ್‌ಮೆಂಟ್ ಎನ್ನುತ್ತಾರೆ. ನೆಗೆಟಿವ್ ಎಂದರೆ ಇಲ್ಲಿ ಕೆಟ್ಟದ್ದು ಎಂದಲ್ಲ, ಕಳೆಯುವುದು ಎಂದರ್ಥ. ಕಿರಿಕಿರಿಯನ್ನು ತೆಗೆದುಹಾಕಿ ಸರಿ ಉತ್ತರಕ್ಕೆ ಬಹುಮಾನ ಕೊಡುವುದು. ಹೊಡೆಯುವುದು, ಗದರಿಸುವುದು ಶಿಕ್ಷೆ, ಅದು ಬೇರೆ. ಶಿಕ್ಷೆಯು "ಇದು ಬೇಡ" ಎನ್ನುತ್ತದೆಯೇ ಹೊರತು ಏನು ಬೇಕು ಎಂದು ಹೇಳುವುದಿಲ್ಲ.

ಇಲ್ಲಿ ಹೊತ್ತೇ ಎಲ್ಲ. ಸರಿ ಉತ್ತರ ಬಂದು ಎರಡು ಮೂರು ಸೆಕೆಂಡ್ ಬಿಟ್ಟು ಸಡಿಲಿಸಿದರೆ ಕುದುರೆಗೆ ಎರಡಕ್ಕೂ ಸಂಬಂಧ ಗೊತ್ತಾಗುವುದಿಲ್ಲ. ಸಡಿಲಿಸದೆ ಎಳೆಯುತ್ತಲೇ ಇದ್ದರೆ ಅದೂ ಹಿಂದಕ್ಕೆ ಜಗ್ಗುತ್ತದೆ. ಸುಮಾರು 400 ಕೆಜಿ ತೂಕದ ಪ್ರಾಣಿಯ ಜೊತೆ ಹಗ್ಗಜಗ್ಗಾಟದಲ್ಲಿ ಗೆಲ್ಲುವುದು ಯಾರು?

ಇನ್ನೂ ದೊಡ್ಡ ತಪ್ಪು ನಮಗೆ ಗೊತ್ತಿಲ್ಲದೆ ಆಗುತ್ತದೆ. ದಿಬ್ಬಣದಲ್ಲಿ ಕುದುರೆ ಮುಂಗಾಲು ಎತ್ತಿದಾಗ ಏನಾಯಿತು? ಎಳೆಯುತ್ತಿದ್ದವರು ಹಗ್ಗ ಬಿಟ್ಟು ಹಿಂದೆ ಹಾರಿದರು. ಚಪ್ಪಾಳೆ ನಿಂತಿತು. ಸೀಟ್ ಬೆಲ್ಟಿನ ಲೆಕ್ಕದಲ್ಲಿ ನೋಡಿದರೆ, ಕಾಲೆತ್ತಿದ ಕೂಡಲೇ ಕುಂಯ್ ಕುಂಯ್ ನಿಂತ ಹಾಗೆ. ಇಂಥ ಎರಡು ಮೂರು ಅನುಭವ ಸಾಕು, ಕುದುರೆ ಅದನ್ನೇ ಕಲಿಯುತ್ತದೆ. "ಕೆಟ್ಟ ಬುದ್ಧಿಯ ಕುದುರೆ" ಎಂದು ಮಾರಾಟವಾಗುವ ಎಷ್ಟೋ ಪ್ರಾಣಿಗಳಿಗೆ ಆ ಬುದ್ಧಿಯನ್ನು ಮನುಷ್ಯರೇ ಹೀಗೆ ಕಲಿಸಿರುತ್ತಾರೆ. ಅದು ನಿಲ್ಲುವ ಮೊದಲೇ ತಾವೇ ನಿಲ್ಲಿಸಿ ಹಗ್ಗ ಬಿಟ್ಟರಲ್ಲ, ಆ ಕುದುರೆಯವರ ಕೈಚಳಕ ಇದ್ದದ್ದು ಅಲ್ಲೇ. ಭಯ ಉಕ್ಕುವ ಮೊದಲು ಸಿಕ್ಕ ಬಿಡುಗಡೆ ಕುದುರೆಗೆ ಬೇರೆಯೇ ಪಾಠ ಹೇಳುತ್ತದೆ: ಸುಮ್ಮನಿದ್ದರೆ ಸಾಕು.

## ಕೊಡೆಯ ಭಯ ಬಿಡಿಸುವುದು ಹೀಗೆ

ನಮ್ಮೂರಿನ ಕುದುರೆಗೆ ಕೊಡೆಯ ಪರಿಚಯ ಇರಲೇಬೇಕು. ವರ್ಷಕ್ಕೆ 3,500 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುವ ಊರು ಇದು. ಅದೇ ಉದಾಹರಣೆ ತೆಗೆದುಕೊಳ್ಳೋಣ.

ಕುದುರೆ ಹುಲ್ಲು ತಿನ್ನುತ್ತಿರುವಾಗ ಮಡಚಿದ ಕೊಡೆಯನ್ನು ಹಿಡಿದು ದೂರದಲ್ಲಿ ನಿಲ್ಲಬೇಕು. ಎಷ್ಟು ದೂರ? ಕಿವಿ ಇತ್ತ ತಿರುಗಬೇಕು, ಬಾಯಿ ಜಗಿಯುವುದನ್ನು ನಿಲ್ಲಿಸಬಾರದು, ಅಷ್ಟು ದೂರ. ಅದು ನೋಡಿ, ಪರವಾಗಿಲ್ಲ ಎಂದು ತಲೆ ತಗ್ಗಿಸಿದಾಗ ನಾವು ಹಿಂದೆ ಸರಿಯಬೇಕು. ಮತ್ತೆ ಒಂದು ಹೆಜ್ಜೆ ಹತ್ತಿರ, ಮತ್ತೆ ಹಿಂದೆ. ಹತ್ತಿರ ಬಂದದ್ದು ದೂರ ಹೋಗುತ್ತದೆ ಎಂಬ ನಂಬಿಕೆ ಹುಟ್ಟಬೇಕು. ಮೂಸಲು ಬಂದರೆ ಮೂಸಲಿ. ಕೊಡೆಯನ್ನು ಅದರ ಕಡೆ ಚಾಚಬಾರದು, ಅದೇ ಬರಬೇಕು. ಮರುದಿನ ಕೊಡೆಯನ್ನು ಭುಜಕ್ಕೆ ತಾಗಿಸಿ ತೆಗೆಯುವುದು. ಆಮೇಲೆ ದೂರ ನಿಂತು ಅರ್ಧ ಬಿಚ್ಚುವುದು. ಪೂರ್ತಿ ಬಿಚ್ಚುವ ಹೊತ್ತಿಗೆ ಪುನಃ ಮೊದಲಿನ ದೂರಕ್ಕೆ ಹೋಗಿ ಶುರು ಮಾಡಬೇಕು. ಎಡಬದಿಯಲ್ಲಿ ಮಾಡಿದ್ದನ್ನು ಬಲಬದಿಯಲ್ಲೂ ಮಾಡಬೇಕು. ಪ್ರತಿ ಸಲ ಸಮಾಧಾನದಿಂದ ಇದ್ದಾಗ ಒಂದು ತುಂಡು ಕ್ಯಾರೆಟ್ ಕೊಟ್ಟರೆ ಕೊಡೆಯೇ ಒಳ್ಳೆಯ ಸುದ್ದಿ ಆಗುತ್ತದೆ. ಒಂದು ಸಲಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಚೆನ್ನಾಗಿ ಮಾಡಿದಾಗಲೇ ನಿಲ್ಲಿಸಬೇಕು, "ಇನ್ನೊಂದೇ ಸಲ" ಎನ್ನಬಾರದು.

ಹೀಗೆ ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸುವುದಕ್ಕೆ ಡಿಸೆನ್ಸಿಟೈಸೇಶನ್ ಎಂದು ಹೆಸರು. ಚೆಂಡೆ, ಬ್ಯಾಂಡಿನ ಸದ್ದಿಗೂ ಇದೇ ದಾರಿ. ಮೇವು ತಿನ್ನುವಾಗ ಫೋನಿನಲ್ಲಿ ತೀರಾ ಸಣ್ಣಗೆ ಹಾಕಿ, ದಿನ ದಿನ ಒಂದಿಷ್ಟು ಏರಿಸುವುದು. ಅನುಭವದ ಇನ್ನೊಂದು ಕುದುರೆ ಪಕ್ಕದಲ್ಲಿದ್ದರೆ ಕೆಲಸ ಹಗುರ. ಅದು ಸುಮ್ಮನಿರುವುದನ್ನು ನೋಡಿ ಇದೂ ಧೈರ್ಯ ತಂದುಕೊಳ್ಳುತ್ತದೆ.

ಇದಕ್ಕೆ ತದ್ವಿರುದ್ಧವಾದ ಒಂದು ಹಳೆಯ ರೂಢಿ ಇದೆ. ಕುದುರೆಯನ್ನು ಕಂಬಕ್ಕೆ ಬಿಗಿದು, ಸುತ್ತಲೂ ಡಬ್ಬ ಬಡಿದು, ಅದು ಸೋಲುವವರೆಗೆ ಬಿಡದಿರುವುದು. ಇದನ್ನು ಫ್ಲಡಿಂಗ್ ಎನ್ನುತ್ತಾರೆ. ಈಜು ಬಾರದ ಮಗುವನ್ನು ಬಾವಿಗೆ ಎಸೆದು ಕಲಿಸಿದ ಹಾಗೆ. ಹಗ್ಗ ಕಡಿದುಕೊಂಡು ಕತ್ತು, ಬೆನ್ನು ಮುರಿದುಕೊಳ್ಳುವ ಅಪಾಯ ಇದೆ. ಸುಮ್ಮನಾದರೂ ಹಲವು ಸಲ ಅದು ಮುಚ್ಚಳ ಹಾಕಿದ ಬಕೆಟ್ಟೇ.

ಎಷ್ಟು ದಿನ ಬೇಕು ಎಂದು ಕೇಳಿದರೆ ಒಂದೇ ಉತ್ತರ ಇಲ್ಲ. ಕೆಲವು ಕುದುರೆಗೆ ನಾಲ್ಕು ದಿನ, ಏಟು ತಿಂದು ಬಂದ ಕುದುರೆಗೆ ತಿಂಗಳುಗಳು. ಕುದುರೆಯ ನೆನಪು ಗಟ್ಟಿ. ಒಮ್ಮೆ ಕಂಡ ಭಯ ಪೂರ್ತಿ ಅಳಿಸುವುದಿಲ್ಲ, ಅದರ ಮೇಲೆ ಒಳ್ಳೆಯ ಅನುಭವಗಳನ್ನು ಒಂದೊಂದಾಗಿ ಪೇರಿಸುತ್ತಾ ಹೋಗಬೇಕು.

## ನಮ್ಮ ಭಯ ಅದಕ್ಕೆ ತಲುಪುತ್ತದೆ

ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಜರ್ಮನಿಯ ಬರ್ಲಿನ್‌ನಲ್ಲಿ ಹಾನ್ಸ್ ಎಂಬ ಕುದುರೆ ಲೆಕ್ಕ ಮಾಡುತ್ತದೆ ಎಂದು ದೊಡ್ಡ ಸುದ್ದಿಯಾಗಿತ್ತು. ಎರಡು ಮತ್ತು ಮೂರು ಎಷ್ಟು ಎಂದರೆ ಗೊರಸಿನಿಂದ ಐದು ಸಲ ನೆಲ ಕುಟ್ಟುತ್ತಿತ್ತು. ಆಸ್ಕರ್ ಫುಂಗ್‌ಸ್ಟ್ ಎಂಬ ಸಂಶೋಧಕರು 1907ರಲ್ಲಿ ಗುಟ್ಟು ಬಿಡಿಸಿದರು. ಪ್ರಶ್ನೆ ಕೇಳಿದವರಿಗೆ ಉತ್ತರ ಗೊತ್ತಿಲ್ಲದಿದ್ದರೆ ಹಾನ್ಸ್‌ಗೂ ಗೊತ್ತಾಗುತ್ತಿರಲಿಲ್ಲ. ಸರಿ ಸಂಖ್ಯೆ ಬಂದಾಗ ಮನುಷ್ಯರ ತಲೆ, ಮುಖದಲ್ಲಿ ತಮಗೇ ತಿಳಿಯದೆ ಆಗುವ ಚಿಕ್ಕ ಅಲುಗಾಟವನ್ನು ನೋಡಿ ಅದು ಕುಟ್ಟುವುದನ್ನು ನಿಲ್ಲಿಸುತ್ತಿತ್ತು. ಲೆಕ್ಕ ಬಾರದಿದ್ದರೇನಂತೆ, ಮನುಷ್ಯರನ್ನು ಅಷ್ಟು ಚೆನ್ನಾಗಿ ಓದುತ್ತಿತ್ತಲ್ಲ!

2009ರಲ್ಲಿ ಪ್ರಕಟವಾದ ಸ್ವೀಡನ್ನಿನ ಒಂದು ಅಧ್ಯಯನ ನನಗೆ ತುಂಬಾ ಇಷ್ಟ. ಜನ ಕುದುರೆಯನ್ನು ಒಂದೇ ದಾರಿಯಲ್ಲಿ ನಾಲ್ಕು ಸಲ ನಡೆಸಬೇಕಿತ್ತು. ನಾಲ್ಕನೇ ಸಲಕ್ಕೆ ಮೊದಲು "ಈಗ ನೀವು ಹೋಗುವಾಗ ಒಂದು ಕೊಡೆ ಬಿಚ್ಚುತ್ತೇವೆ" ಎಂದು ಅವರಿಗೆ ಹೇಳಿದರು. ಕೊಡೆ ಬಿಚ್ಚಲೇ ಇಲ್ಲ. ಆದರೂ ಜನರ ಎದೆಬಡಿತ ಏರಿತು, ಜೊತೆಗೆ ಕುದುರೆಯ ಎದೆಬಡಿತವೂ ಏರಿತು. ಹೆದರಿಕೆ ಹಗ್ಗದುದ್ದಕ್ಕೂ ಹರಿದು ಹೋಗಿತ್ತು.

ಹಾಗಾಗಿ ಕೆಲಸ ಕುದುರೆಗಿಂತ ಮೊದಲು ನಮ್ಮ ಉಸಿರಿನಲ್ಲಿ ಶುರುವಾಗಬೇಕು. ಉಸಿರು ಹಿಡಿಯಬಾರದು, ನಿಧಾನಕ್ಕೆ ಬಿಡಬೇಕು. ಭುಜ ಇಳಿಸಬೇಕು. ಕಣ್ಣು ಕುದುರೆಯ ಕಣ್ಣಿಗೆ ನೆಡದೆ ಹೋಗಬೇಕಾದ ದಾರಿಯ ಕಡೆ ಇರಬೇಕು. ಬೆನ್ನು ತಟ್ಟುವುದಕ್ಕಿಂತ ಕುತ್ತಿಗೆ ಬುಡದಲ್ಲಿ, ಜೂಲು ಮುಗಿಯುವ ಉಬ್ಬಿನ ಹತ್ತಿರ ತುರಿಸುವುದು ಒಳ್ಳೆಯದು. ಕುದುರೆಗಳು ಒಂದಕ್ಕೊಂದು ಹಲ್ಲಿನಿಂದ ತುರಿಸಿಕೊಳ್ಳುವುದು ಅಲ್ಲೇ. ಆ ಜಾಗ ತುರಿಸಿದಾಗ ಅದರ ಎದೆಬಡಿತ ಇಳಿಯುತ್ತದೆ ಎಂದು ಅಳೆದು ನೋಡಿದ್ದಾರೆ.

## ನಾವು ಹತ್ತಿರ ಹೋಗುವಾಗ

ಸಮುದ್ರತೀರದಲ್ಲಿ ಮಗುವನ್ನು ಕುದುರೆ ಹತ್ತಿಸುವ ಮೊದಲು ಅದರ ಬಾಯಿ, ಬೆನ್ನು, ಕಾಲು ಒಮ್ಮೆ ನೋಡಿ. ಗಾಯ, ಕುಂಟು, ಎದ್ದು ಕಾಣುವ ಪಕ್ಕೆಲುಬು ಇದ್ದರೆ ಹತ್ತಿಸಬೇಡಿ. ಮುಳ್ಳಿರುವ ಕಡಿವಾಣ ಬಳಸುವುದು 1965ರ ಕೇಂದ್ರ ನಿಯಮಗಳ ಪ್ರಕಾರ ನಿಷಿದ್ಧ. ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳನ್ನು ದಿನಕ್ಕೆ 9 ಗಂಟೆಗಿಂತ ಜಾಸ್ತಿ, ಬಿಡುವಿಲ್ಲದೆ 5 ಗಂಟೆಗಿಂತ ಜಾಸ್ತಿ ದುಡಿಸಬಾರದು ಎಂದೂ, 37 ಡಿಗ್ರಿ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸಬಾರದು ಎಂದೂ ಅದೇ ನಿಯಮಗಳಲ್ಲಿದೆ.

ಹತ್ತಿರ ಹೋಗುವುದಾದರೆ ಒಡೆಯರನ್ನು ಕೇಳಿ, ಮೆಲ್ಲಗೆ ಮಾತಾಡುತ್ತಾ ಭುಜದ ಕಡೆಯಿಂದ ಹೋಗಿ. ಕೈಯ ಹಿಂಬದಿಯನ್ನು ಮೂಸಲು ಕೊಡಿ. ತಿನ್ನಲು ಕೊಡುವಾಗ ಅಂಗೈ ಚಪ್ಪಟೆ ಇರಲಿ, ಬೆರಳು ಮಡಚಬೇಡಿ. ಬೆನ್ನ ಹಿಂದೆ ಹೋಗಲೇಬೇಕಾದರೆ ಒದೆ ತಾಗದಷ್ಟು ದೂರದಿಂದ ಸುತ್ತಿ ಹೋಗಿ. ಹಗ್ಗ ಹಿಡಿಯುವವರು ಅದನ್ನು ಕೈಗೆ ಸುತ್ತಿಕೊಳ್ಳಬಾರದು. ಕುದುರೆ ಓಡಿದರೆ ಬೆರಳು ಹೋಗುತ್ತದೆ, ಮೈಯೂ ಎಳೆದುಹೋಗುತ್ತದೆ.

ದಿಬ್ಬಣಕ್ಕೆ ಕುದುರೆ ಕರೆಸುವ ಮನೆಯವರು ಒಂದು ಕೆಲಸ ಮಾಡಬಹುದು. ಅದನ್ನು ಒಂದು ಗಂಟೆ ಮೊದಲೇ ಕರೆಸಿ, ಸದ್ದು ಶುರುವಾಗುವ ಮೊದಲು ದಾರಿಯಲ್ಲಿ ಒಮ್ಮೆ ನಡೆಸಲು ಹೇಳಿ. ಬ್ಯಾಂಡು ಇಪ್ಪತ್ತು ಮೀಟರ್ ಮುಂದಿರಲಿ. ಗರ್ನಾಲು ಕುದುರೆ ಹೋದ ಮೇಲೆ.

ರಸ್ತೆಯಲ್ಲಿ ಬೆದರಿದ ಕುದುರೆ ಎದುರಾದರೆ ಹಾರ್ನ್ ಹಾಕಬೇಡಿ, ಹೆಡ್‌ಲೈಟ್ ಮಿನುಗಿಸಬೇಡಿ. ಅದರ ಹಿಂದೆ ಓಡಿದರೆ ಅದು ಇನ್ನೂ ಜೋರು ಓಡುತ್ತದೆ. ಬದಿಗೆ ನಿಲ್ಲಿಸಿ ಇಂಜಿನ್ ಆಫ್ ಮಾಡಿ.

ಆ ಮದುವೆಯ ದಿನ ಸಂಜೆ ನಾನು ಹೊರಡುವಾಗ ಕುದುರೆಯವರು ಅದೇ ಬಿಳಿ ಕುದುರೆಯನ್ನು ನಡೆಸಿಕೊಂಡು ಟೆಂಪೋ ನಿಂತ ಕಡೆಗೆ ಹೋಗುತ್ತಿದ್ದರು. ಜರಿ ಬಟ್ಟೆ ಮಡಚಿ ಹೆಗಲ ಮೇಲಿತ್ತು, ಜೀನಿನ ಪಟ್ಟಿ ಸಡಿಲವಾಗಿತ್ತು. ಕಿರಿದಾದ ರಸ್ತೆ. ಎದುರಿನಿಂದ ಒಂದು ರಿಕ್ಷಾ ಬಂತು. ಕುದುರೆ ತಲೆ ಎತ್ತಿತು. ಚಾಲಕ ಏನೂ ಹೇಳಿಸಿಕೊಳ್ಳದೆ ಬದಿಗೆ ತೆಗೆದುಕೊಂಡು ಇಂಜಿನ್ ನಿಲ್ಲಿಸಿದರು. ಕುದುರೆ ರಿಕ್ಷಾದ ಮುಂದಿನ ಚಕ್ರವನ್ನು ಒಮ್ಮೆ ಮೂಸಿ ನೋಡಿತು, ತಲೆ ತಗ್ಗಿಸಿ ಮುಂದೆ ಹೋಯಿತು.